ಏಳನೆಯ ಸದ್ದು

ಕಲ್ಲುಕ್ವಾರಿಯಲ್ಲಿ ಬಂಡೆ ಸಿಡಿಸುವವನನ್ನು ಎಲ್ಲರೂ ಮದ್ದಿನ ಮಾವ ಎನ್ನುತ್ತಿದ್ದರು. ಮೂವತ್ತು ವರ್ಷದ ಕೆಲಸ. ಎಡಗೈಯಲ್ಲಿ ಉಳಿದದ್ದು ಮೂರೇ ಬೆರಳು. ಎಷ್ಟು ಬತ್ತಿ ಹಚ್ಚಿದರೋ ಅಷ್ಟು ಸದ್ದು ಎಣಿಸಬೇಕು, ಒಂದು ಕಮ್ಮಿಯಾದರೂ ಮಾರನೆಯ ದಿನದವರೆಗೆ ಯಾರೂ ಗುಂಡಿಗೆ ಇಳಿಯಕೂಡದು. ಅವನು ಬಲ್ಲ ವಿದ್ಯೆ ಇಷ್ಟೇ.

ಅವನ ಅಣ್ಣನೂ ಎಣಿಸಿದವನೇ. ಐದು ಹಚ್ಚಿ, ಐದು ಕೇಳಿಸಿಕೊಂಡೇ ಇಳಿದಿದ್ದ. ಅದರಲ್ಲೊಂದು ಎದುರು ಬಂಡೆಗೆ ಬಡಿದು ವಾಪಸು ಬಂದ ಸದ್ದು. ಮದ್ದು ತುಂಬಿ ಸಿಡಿಯದೆ ಉಳಿದಿದ್ದ ಕುಳಿ ಅವನ ಮುಖಕ್ಕೇ ಸಿಡಿಯಿತು. ತಮ್ಮನಾದ ಇವನೇ ಗೋಣಿಚೀಲ ಹಿಡಿದು ಚೂರುಗಳನ್ನು ಆರಿಸಿದ. ಗುರುತು ಹತ್ತುವಂತೆ ಉಳಿದದ್ದು ಚಪ್ಪಲಿ ಸಮೇತ ಒಂದು ಪಾದ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಅಣ್ಣ ಇಷ್ಟು ಹಗುರವೇ ಎಂದು ಚೀಲ ಎತ್ತಿದಾಗ ಅವನಿಗೆ ಸಿಟ್ಟು ಬಂತು. ಅಳು ಆಮೇಲೆ ಬಂತು. ಅಂದಿನಿಂದ ಅವನು ಕಿವಿಯನ್ನು ನಂಬಲಿಲ್ಲ. ಬರಿಗಾಲಲ್ಲಿ ಬಂಡೆಯ ಮೇಲೆ ನಿಂತು, ನೆಲ ನಡುಗಿದ್ದನ್ನು ಅಂಗಾಲಿನಲ್ಲಿ ಎಣಿಸುತ್ತಿದ್ದ.

ಆ ದಿನ ಏಳು ಹಚ್ಚಿದ್ದರು.

"ಏಳಾಯ್ತು, ನಡೀರಿ," ಅಂತ ಅಳಿಯ ಹಾರೆ ಎತ್ತಿಕೊಂಡ. ಮದುವೆಯಾಗಿ ವರ್ಷವಾಗಿರಲಿಲ್ಲ, ಮಾವನ ಮಗಳು ಆರು ತಿಂಗಳ ಬಸುರಿ.

"ಆರೇ ಆಗಿರೋದು. ನಿಂತ್ಕೊಳಪ್ಪಾ."

"ಎಲ್ರೂ ಏಳು ಕೇಳಿದೀವಿ. ನಿಮ್ಮ ಕಾಲಿಗೆ ಕಿವುಡು ಬಂದಿದೆ ಮಾವ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಕೇಳಿ ಅಳಿಯನಿಗೆ ಹುರುಪೇರಿತು. "ಸಾಯೋಕೆ ಅಷ್ಟು ಹೆದರಿಕೆ ಇದ್ರೆ ಮನೇಲಿ ತೊಟ್ಟಿಲು ತೂಗ್ತಾ ಕೂತ್ಕೊಳಿ," ಎಂದು ಇಳಿಯಲು ಹೊರಟ.

ಮಾವ ಅಂಗಿ ಹಿಡಿದೆಳೆದ. ಅಳಿಯನ ಮೊಣಕೈ ಬಾಯಿಗೆ ಬಡಿದು ಹಲ್ಲೊಂದು ಹಾರಿತು. ಬಾಯಿ ತುಂಬ ರಕ್ತ. ಮಾವ ಬಿದ್ದ ಹಾರೆ ಎತ್ತಿ, ಅಳಿಯನ ಮೊಣಕಾಲ ಕೆಳಗೆ ಬೀಸಿಯೇ ಬಿಟ್ಟ. ಒಣಸೌದೆ ಮುರಿದ ಸದ್ದು.

"ಮುದುಕಂಗೆ ಹುಚ್ಚು ಹಿಡೀತು!" ಎಂದು, ಆಗ ನಕ್ಕಿದ್ದವರೆಲ್ಲ ಮಾವನ ಮೈಮೇಲೆ ಬಿದ್ದು ಒದ್ದರು. ಅವನು ಇಳಿಯುವ ದಾರಿಗೆ ಅಡ್ಡ ಬಿದ್ದುಕೊಂಡು ಒದೆ ತಿಂದ, ಏಳಲಿಲ್ಲ. ಕೊನೆಗೆ ಅಳಿಯನನ್ನು ಆಸ್ಪತ್ರೆಗೆ ಹೊತ್ತೊಯ್ಯುವ ಗಡಿಬಿಡಿಯಲ್ಲಿ ಗುಂಡಿಗೆ ಯಾರೂ ಇಳಿಯಲಿಲ್ಲ.

ಏಳನೆಯದು ಸಿಡಿಯಲೂ ಇಲ್ಲ. ಮಾರನೆಯ ದಿನ ನೋಡಿದರೆ ಕುಳಿಯಲ್ಲಿ ಮದ್ದು ಹಾಗೇ ಇತ್ತು. ಬತ್ತಿ ಎರಡು ಬೆರಳು ಉಳಿದು ಆರಿತ್ತು.

"ಸಿಡೀಲೇ ಇಲ್ವಲ್ಲ ಮಾವ, ಸುಮ್ನೆ ಕಾಲು ಮುರುದ್ರಿ," ಎಂದ ಅಳಿಯ, ಮಂಚದ ಮೇಲಿಂದ.

ಮಾವ ಉತ್ತರ ಕೊಟ್ಟದ್ದು ಮಂಚದ ಪಕ್ಕ ಕೂತಿದ್ದ ಮಗಳಿಗೆ. "ನಿನ್ನ ದೊಡ್ಡಪ್ಪಂದು ಪಾದ ಒಂದೇ ಬಂತು ಕಣಮ್ಮ ಮನೆಗೆ."

ಅವಳು ಅಪ್ಪನ ಮುಖ ನೋಡಲಿಲ್ಲ. ಹೊದಿಕೆ ಸರಿಸಿ, ಪಟ್ಟಿಯ ಹೊರಗೆ ಉಳಿದಿದ್ದ ಗಂಡನ ಕಾಲ್ಬೆರಳುಗಳನ್ನು ಮುಟ್ಟಿದಳು. ಬೆಚ್ಚಗಿದ್ದವು.