ಕೀಲಿ ಹಾಕಿದ ಮನೆಯ ದನಿ

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಹೇಳತೊಡಗಿದರೆ, ಇವರಿಗೆ ನಿದ್ದೆ ಕೆಟ್ಟಿರಬೇಕು, ಇಲ್ಲವೇ ಜ್ವರ ಬಂದಿರಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಡುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ರೋಣ ತಾಲೂಕಿನ ಕೂಲಿ ಹೆಣ್ಣುಮಕ್ಕಳ ರಕ್ತಹೀನತೆಯ ಬಗ್ಗೆ ನಾವೊಂದು ಅಧ್ಯಯನ ನಡೆಸಿದ್ದೆವು. ದವಾಖಾನೆಯ ತನಕ ಬರಲಾಗದವರ ಮನೆಗೆ ನಾವೇ ಹೋಗಿ, ಬೆರಳಿನಿಂದ ಒಂದು ಹನಿ ರಕ್ತ ತೆಗೆದು, ಪ್ರಶ್ನೆ ಕೇಳಿ ಬರೆದುಕೊಳ್ಳುವ ಕೆಲಸ. ಸವಡಿ ಎಂಬ ಊರಿನಲ್ಲಿ ನನ್ನ ಜೊತೆ ಓಡಾಡುತ್ತಿದ್ದವಳು ಅಲ್ಲಿನ ಆಶಾ ಕಾರ್ಯಕರ್ತೆ ಶಂಕ್ರವ್ವ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಮೊದಲ ಸಲ ಹೋದಾಗ ಹನಮವ್ವ ಸಿಕ್ಕಿದ್ದಳು. ಮೂವತ್ತರ ಆಸುಪಾಸಿನ ಬಡಕಲು ಹೆಂಗಸು. ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆ, "ಅಕ್ಕಾರ, ಸಂಜಿ ಆತಂದ್ರ ಮೈ ಬಿಸಿ ಆಗತೈತ್ರಿ. ಕೆಮ್ಮಂತೂ ಕಡಿಮಿನ ಆಗವಲ್ದು," ಎಂದಳು. ನನ್ನ ಹಾಳೆಯಲ್ಲಿ ಕೆಮ್ಮಿಗೆ ಜಾಗವಿರಲಿಲ್ಲ. "ಮುಂದಿನ ಸಲ ಬಂದಾಗ ನೋಡೋಣವ್ವಾ," ಎಂದು ಎದ್ದೆ. ಮುಂದಿನ ಊರು ಬೆಳವಣಕಿಗೆ ಹೋಗುವ ಅವಸರ. ಕಫ ಪರೀಕ್ಷೆ ಮಾಡಿಸು ಎನ್ನಲು ಎಷ್ಟು ಹೊತ್ತು ಬೇಕಿತ್ತು?

ಎರಡನೆಯ ಸಲ ಹೋದದ್ದು ಬೇಸಿಗೆಯಲ್ಲಿ, ಬೆಳಗಿನ ಹತ್ತಕ್ಕೇ ನೆತ್ತಿ ಸುಡುವ ದಿನ. ಓಣಿಯ ಅರ್ಧ ಮಂದಿ ದುಡಿಯಲು ಗೋವಾಕ್ಕೆ ಹೋಗಿದ್ದರು. ಶಂಕ್ರವ್ವ ಪಕ್ಕದ ಮನೆಯಲ್ಲಿ ನೀರು ಕೇಳಲು ನಿಂತಳು. ನಾನು ಹನಮವ್ವನ ಬಾಗಿಲು ಬಡಿದೆ. ಒಳಗೆ ಕೆಮ್ಮಿದ ಸದ್ದು. ಆಮೇಲೆ, "ಬಂದೆ ಅಕ್ಕಾರ, ನಿಂದರ್ರಿ." ದನಿ ಆಕೆಯದೇ. ನಿಂತೆ. ಬಾಗಿಲು ತೆರೆಯಲಿಲ್ಲ. ಆಗ ನೋಡಿದೆ, ಚಿಲಕಕ್ಕೆ ಹೊರಗಿನಿಂದ ಕೀಲಿ ಹಾಕಿತ್ತು. ಶಂಕ್ರವ್ವನನ್ನು ಕೂಗಿ, ಹನಮವ್ವ ಒಳಗಿನಿಂದ ಮಾತಾಡಿದಳು ಎಂದೆ.

"ಆಕಿ ಇಲ್ಲೆಲ್ಲಿ ಇರತಾಳ್ರಿ? ಗಂಡ ಹೆಂಡ್ತಿ ಗೋವಾಕ್ಕ ಹೋಗಿ ಎರಡ ತಿಂಗಳಾತು," ಎಂದಳು ಶಂಕ್ರವ್ವ. ಕಿಟಕಿಯಲ್ಲಿ ಇಣುಕಿದೆವು. ಒಂದೇ ಖೋಲಿ, ಬೋರಲು ಹಾಕಿದ ಪಾತ್ರೆಗಳು. ಹಿತ್ತಲ ಬಾಗಿಲೂ ಇರಲಿಲ್ಲ. ನನ್ನ ಮುಖ ನೋಡಿ ಆಕೆ, "ಅವರ ನಂಬರ ಐತಿ, ಫೋನ್ ಹಚ್ಚಲೇನ್ರಿ?" ಎಂದಳು. ಬೇಡ ಎಂದೆ. ಬಿಸಿಲಿಗೆ ಕಿವಿ ಗುಂಯ್‌ಗುಟ್ಟಿರಬೇಕು ಎಂದುಕೊಂಡು, ಹಾಳೆಯಲ್ಲಿ 'ಕೀಲಿ' ಎಂದು ಬರೆದು ಮುಂದೆ ನಡೆದೆ.

ಹದಿನೈದು ದಿನದ ಮೇಲೆ ಶಂಕ್ರವ್ವನ ಫೋನು ಬಂತು. ಹನಮವ್ವ ಗೋವಾದಲ್ಲಿ ತೀರಿಕೊಂಡಿದ್ದಳು. ಟಿಬಿ ಎರಡೂ ಶ್ವಾಸಕೋಶಕ್ಕೆ ಹಬ್ಬಿತ್ತಂತೆ. ಮಾತಾಡಿಸಲು ಹೋದಾಗ, ಊರಿಗೆ ಮರಳಿದ್ದ ಆಕೆಯ ಗಂಡ ಯಲ್ಲಪ್ಪ ತಲೆ ತಗ್ಗಿಸಿಯೇ ಹೇಳಿದ: "ನಾವೆಲ್ಲಾ ಕೆಲಸಕ್ಕ ಹೋದ್ರ ಶೆಡ್ಡಿನ್ಯಾಗ ಒಬ್ಬಾಕಿನ ಮಲಗಿರತಿದ್ಲರಿ. ಒಂದಿನ ಸಂಜಿಗೆ ಬಂದ್ರ, 'ಊರಾಗ ಅಕ್ಕಾರು ಬಂದು ಬಾಗಲಾ ಬಡ್ಯಾಕತ್ತಾರ, ಯಾರರ ತಗೀರಿ' ಅನ್ನಾಕತ್ತಿದ್ಲು. ಮರುದಿನಾನ ದವಾಖಾನಿಗೆ ಹಾಕಿದ್ವಿ. ಭಾಳ ತಡಾ ಆಗೇತಿ ಅಂದ್ರು."

ಯಾವ ದಿನ ಎಂದು ಕೇಳಿದೆ. ಅಮಾಸಿ ಮುಂಚಿನ ಸೋಮವಾರ ಎಂದ. ನನ್ನ ಹಾಳೆಯ ಮೇಲಿದ್ದದ್ದೂ ಅದೇ ಸೋಮವಾರ.

ಗೊತ್ತಿದ್ದ ಇಬ್ಬರು ವೈದ್ಯರಿಗೆ ಇದನ್ನು ಹೇಳಿದ್ದೇನೆ. ಕಾಕತಾಳೀಯ ಎಂದರು. ಇರಬಹುದು. ಅಂದು ನನ್ನ ಕಿವಿಗೆ ಬಿದ್ದದ್ದು ಏನೆಂದು ಇಂದಿಗೂ ತಿಳಿದಿಲ್ಲ. ಫೋನು ಬೇಡವೆಂದದ್ದು ಯಾಕೆಂದು ಚೆನ್ನಾಗಿ ಗೊತ್ತು. ಊಟಕ್ಕೆ ಮೊದಲು ಇನ್ನೂ ಒಂಬತ್ತು ಮನೆ ಮುಗಿಸಬೇಕಿತ್ತು.