ಪೀಂ ಅನ್ನುವ ತನಕ

ಗುಂಡಿ ಒತ್ತಿ ಮಾತಾಡು, ಬಿಟ್ಟರೆ ಪೀಂ. ಹೊಸ ವಾಕಿಟಾಕಿ ಕೈಗೆ ಬಂದ ದಿನ ಆ ಸದ್ದು ಕೇಳಿ ನನಗೆ ಸಿಟ್ಟೇ ಬಂತು. ಮಾತು ಮುಗಿದರೆ ಮುಗಿಯಿತು, ಅದಕ್ಕೊಂದು ಬಾಲ ಯಾಕೆ? ಆರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಪತ್ರದ ಕೊನೆಯ 'ಇಂತಿ ನಿಮ್ಮ ವಿಶ್ವಾಸಿ' ಕೂಡ ದಂಡವೇ.

ಉಪ್ಪಲ್‌ನಲ್ಲಿ ಆಗ ಸಾಫ್ಟ್‌ವೇರ್ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದವು. ನಮ್ಮ ಕಟ್ಟಡದ ನೆಲಮಾಳಿಗೆಗೆ ಇದ್ದದ್ದು ಒಂದೇ ಕಾರು ಹಿಡಿಸುವ ಇಳಿಜಾರು. ಕಾವಲಿಗೆ ಮೇಲೆ ನಾನು, ಕೆಳಗೆ ಮಲ್ಲಣ್ಣ ಕಾಕಾ. ಅವರು ಹೇಳಿದಾಗ ನಾನು ಕಾರು ಬಿಡಬೇಕು. ಕಾಕಾಗೆ ದಮ್ಮು. ಅರ್ಧ ಮಾತು ಆಡಿ, ಉಸಿರೆಳೆದುಕೊಂಡು, ಉಳಿದರ್ಧ ಆಡುವವರು. ಹಳೆಯ ಸೆಟ್‌ನಲ್ಲಿ "ಬಿಡಪಾ…" ಅಂದ ಕೂಡಲೇ ನಾನು ಬಿಟ್ಟಿರುತ್ತಿದ್ದೆ. "…ಕೆಂಪು ಕಾರ್ ಮ್ಯಾಲೆ ಬಂದಿಂದ" ಅನ್ನುವಷ್ಟರಲ್ಲಿ ಎರಡು ಕಾರು ಮೂತಿಗೆ ಮೂತಿ.

"ನಿನ್ನ ಕಿವಿಗೆ ಅಷ್ಟ್ಯಾಕೋ ಅವಸರ?" ಅಂದರು ಕಾಕಾ.

"ನಿಮ್ಮ ಬಾಯಿಗೆ ಅಷ್ಟ್ಯಾಕ್ರಿ ಆರಾಮ?" ಅಂದೆ ನಾನು.

ಇನ್ನೊಮ್ಮೆ ಕಾರು ಸಿಕ್ಕಿಕೊಂಡರೆ ಮುದುಕನನ್ನು ಮನೆಗೆ ಕಳಿಸುತ್ತೇನೆ ಎಂದು ಸೂಪರ್‌ವೈಸರ್ ಹೇಳಿಬಿಟ್ಟ. ಹೊಸ ಸೆಟ್ ಬಂದದ್ದು ಆಮೇಲೆ. ಅಂದಿನಿಂದ ಪೀಂ ಆಗುವ ತನಕ ನಾನು ಕಾರು ಬಿಡಲು ಕೈ ಎತ್ತುತ್ತಿರಲಿಲ್ಲ. ದೇವರು ಮನುಷ್ಯರಿಗೂ ಒಂದು ಪೀಂ ಇಡಬೇಕಿತ್ತು ನೋಡಿ. ನಮ್ಮ ಅತ್ತಿಗೆ ಫೋನಿನಲ್ಲಿ "ಇಡ್ತೀನಿ" ಅಂದ ಮೇಲೂ ಅರ್ಧ ತಾಸು ಮಾತಾಡುತ್ತಾಳೆ.

ಒಂದು ಸಂಜೆ ಸೂಪರ್‌ವೈಸರ್ ನನ್ನ ಪಕ್ಕದಲ್ಲೇ ನಿಂತಿದ್ದ. ಇಳಿಯಲು ಕಾದ ಕಾರಿನವನು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದ.

"ಬಿಡಪಾ…" ಅಂದರು ಕಾಕಾ.

ಪೀಂ ಆಗಲಿಲ್ಲ.

"ಅರೆ ಮಿಯಾ, ಜಲ್ದಿ ಛೋಡೋ!" ಕಾರಿನವನು ಕೂಗಿದ. ಬಿಡು ಎಂದು ಸೂಪರ್‌ವೈಸರನೂ ಭುಜ ತಿವಿದ. ನಾನು ಕೈ ಎತ್ತಲಿಲ್ಲ. ಸೆಟ್‌ನಲ್ಲಿ ಕಾಕಾನ ಉಸಿರು ಮಾತ್ರ ಸುಯ್ಯೆನ್ನುತ್ತಿತ್ತು.

"…ಬ್ಯಾಡ, ಬ್ಯಾಡ! ತಡಿ! ಸ್ಕೂಟಿ ಜಾರಿ ಬಿದ್ದೈತಿ, ಹುಡುಗಿ ಅದರ ಬುಡಕ್ಕ ಸಿಕ್ಕಾಳ!"

ಪೀಂ.

ಸೂಪರ್‌ವೈಸರ್ ಇಳಿಜಾರಿನಲ್ಲಿ ಓಡಿದ. ಮೊಣಕಾಲು ತರಚಿದ ಹುಡುಗಿ ತೆಲುಗಿನಲ್ಲಿ ಇಳಿಜಾರು ಕಟ್ಟಿದವನನ್ನು ಬೈಯುತ್ತಾ ಮೇಲೆ ಬಂದಳು. ಹಾರ್ನ್ ನಿಂತಿತ್ತು. ಕಾಕಾನನ್ನು ಮನೆಗೆ ಕಳಿಸುವ ಮಾತನ್ನು ಸೂಪರ್‌ವೈಸರ್ ಮತ್ತೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಸೆಟ್‌ನಲ್ಲಿ ಕಾಕಾ, "ಇವತ್ತ ಸಬೂರ್ ಮಾಡಿದಿ ನೋಡು. ಶಾಣ್ಯಾ ಆದಿ…"

ನಾನು ಜವಾಬು ಕೊಡಲಿಲ್ಲ. ಪೀಂ ಇನ್ನೂ ಆಗಿರಲಿಲ್ಲ.