ಉಪ್ಪುನೀರಿನ ತಗಡಿಗೆ ಕುಂಕುಮ

ಪವಿತ್ರಾ, ಮಂಜು, ನಿಮ್ಮ ತಾತ ಕಡಲಾಚೆ ಕೆಲಸಕ್ಕೆ ಹೋದದ್ದು ಹೇಗೆ ಅಂತ ಕೇಳುತ್ತಲೇ ಇರುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಅದು ಎಂಬತ್ತನಾಲ್ಕನೇ ಇಸವಿಯ ಆಯುಧಪೂಜೆಯ ದಿನ.

ಆಗ ನಾವು ಗಡಿಯಾಚೆ ತಮಿಳು ಸೀಮೆಯ ಮೂಕಂಡಪಲ್ಲಿಯಲ್ಲಿ ಬಾಡಿಗೆಗೆ ಇದ್ದೆವು. ತಾತನ ಕಂಪನಿ ಚಿಕ್ಕದು. ಅಲ್ಲಿ ಯಾವ ಸಾಮಾನೂ ತಯಾರಾಗುತ್ತಿರಲಿಲ್ಲ. ಬೇರೆ ಫ್ಯಾಕ್ಟರಿಗಳ ಕಬ್ಬಿಣದ ಟ್ಯಾಂಕುಗಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿದುಕೊಡುವುದೇ ಅವರ ಕೆಲಸ. ತಾತ ಮಾತ್ರ ಹಿಂದುಗಡೆ ಶೆಡ್ಡಿನಲ್ಲಿ ಥರಾವರಿ ಬಣ್ಣ ಕಲಸಿ, ತಗಡುಗಳಿಗೆ ಹಚ್ಚಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ನೋಡುತ್ತಿದ್ದರು. ಪಕ್ಕದ ಮನೆಯ ಮುನಿಯಮ್ಮಕ್ಕ, "ಏನಮ್ಮಿ, ನಿನ್ ಗಂಡ ಕಬ್ಣಕ್ಕೆ ಉಪ್ಪಿನ್ಕಾಯಿ ಹಾಕ್ತಾನಂತೆ?" ಎಂದು ನಗುತ್ತಿದ್ದಳು.

ಶೆಡ್ಡಿನ ಖರ್ಚು ದಂಡ ಅಂತ ಕಂಪನಿಯಲ್ಲೂ ಗೊಣಗಾಟವಿತ್ತು. ಅಷ್ಟರಲ್ಲಿ ಹೊರದೇಶದ ಒಂದು ಬಂದರಿನವರು, ತಮ್ಮ ಊರಿಗೇ ಬಂದು ಟ್ಯಾಂಕುಗಳಿಗೆ ಬಣ್ಣ ಬಳಿಯುವವರನ್ನು ಹುಡುಕುತ್ತಿದ್ದಾರೆ ಎಂದು ತಿಳಿಯಿತು. ಆ ಕೆಲಸ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಶೆಡ್ಡು ಮುಚ್ಚುತ್ತೇನೆ ಎಂದು ಕಂಪನಿಯ ಯಜಮಾನರು ಹೇಳಿಬಿಟ್ಟರು. ಮುಚ್ಚಿದರೆ ತಾತನ ಕೆಲಸವೂ ಹೋದಂತೆಯೇ. ನಿಮ್ಮಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ.

ಪೂಜೆಗೆ ಮನೆಮಂದಿಯೆಲ್ಲ ಕಂಪನಿಗೆ ಹೋಗಿದ್ದೆವು. ಯಜಮಾನರ ತಾಯಿ ತಳಿ ಎಂಬ ಊರಿನಿಂದ ಬಂದಿದ್ದರು. ಏಣಿ, ಬ್ರಷ್ಷು, ಸ್ಪ್ಯಾನರು ಎಲ್ಲಕ್ಕೂ ಕುಂಕುಮ ಇಡುತ್ತಾ ಶೆಡ್ಡಿಗೂ ಹೋದರು. ಬಂದರಿನವರಿಗೆ ತೋರಿಸಲೆಂದು ತಾತ ತೊಟ್ಟಿಯಿಂದ ತೆಗೆದು ಸಾಲಾಗಿ ಒರಗಿಸಿದ್ದ ತಗಡುಗಳು ಅಲ್ಲಿದ್ದವು. ನೀರಲ್ಲಿ ಕಲಸಿದ ಕುಂಕುಮವನ್ನು ಅವಕ್ಕೂ ಧಾರಾಳವಾಗಿ ಬಳಿದರು. ಬೂದುಗುಂಬಳ ತರಲು ಪೇಟೆಗೆ ಹೋಗಿದ್ದ ತಾತ ಬಂದು ನೋಡಿ, ಕಾಯಿಯನ್ನು ಅಲ್ಲೇ ಇಳಿಸಿ ತಗಡುಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅಮ್ಮಾ, ಅದುನ್ನ ಯಾರೂ ಮುಟ್ಬಾರ್ದಾಗಿತ್ತು!" ಅಂದರು ಯಜಮಾನರು.

"ಅನ್ನ ಕೊಡೋ ತಗಡಿಗೆ ಕುಂಕ್ಮ ಇಕ್ಕಿದ್ರೆ ತಪ್ಪೇನ್ಲಾ?"

ಅಷ್ಟರಲ್ಲೇ ಗೇಟಿನ ಮುಂದೆ ಕಾರು ನಿಂತಿತು. ಹಬ್ಬ ಕಳೆದ ಮೇಲೆ ಬರಬೇಕಿದ್ದ ಬಂದರಿನ ಅಧಿಕಾರಿ, ಮದರಾಸಿನ ದುಭಾಷಿಯ ಜೊತೆ ಅವತ್ತೇ ಬಂದಿದ್ದರು. ನಮ್ಮ ಹಬ್ಬ ಅವರಿಗೇನು ಗೊತ್ತು!

"ಬ್ಯಾಗ ಒರೆಸಪ್ಪ," ಅಂದರು ಯಜಮಾನರು.

"ಬ್ಯಾಡ ಸಾರ್," ಅಂದರು ತಾತ. "ಒರೆಸ್ವಾಗ ಗೀಚು ಬಿದ್ರೆ, ಉಪ್ಪಿಂದ ಆಯ್ತೋ ನಮ್ಮಿಂದ ಆಯ್ತೋ ನಮ್ಗೇ ತಿಳಿಯಾಕಿಲ್ಲ. ಇದ್ದಂಗೇ ತೋರ್ಸಿ, ಆಗಿದ್ದು ಯೋಳ್ಬುಡಾನ."

ನಾನು ಕಡ್ಲೆಪುರಿ ತಟ್ಟೆ ಹಿಡಿದು ಬಾಗಿಲ ಮರೆಯಲ್ಲಿದ್ದೆ. ಆ ಅಧಿಕಾರಿ ದುಭಾಷಿಯ ಮೂಲಕ ನಡೆದದ್ದೆಲ್ಲ ಕೇಳಿಸಿಕೊಂಡು, ತಮ್ಮ ಕರ್ಚೀಫನ್ನೇ ನೆನೆಸಿ ತಗಡುಗಳನ್ನು ಒಂದೊಂದಾಗಿ ಒರೆಸಿದರು. ಕುಂಕುಮ ಹೋಗಿ ಬಣ್ಣ ನುಣ್ಣಗೆ ಕಂಡಿತು. ಒಂದರಲ್ಲಿ ಮಾತ್ರ ಕೂದಲೆಳೆಯಂಥ ಕೆಂಪು ಗೆರೆ ಉಳಿಯಿತು. ಅಲ್ಲಿ ಬಣ್ಣ ಬಿರಿದು ಕುಂಕುಮ ಒಳಗಿಳಿದಿತ್ತು.

ಅದು ಮೊದಲು ಕಲಸಿದ ಬಣ್ಣ, ಕೆಟ್ಟುಹೋದದ್ದು, ಯಾಕೆ ಕೆಟ್ಟಿತು ಎಂದು ನೋಡಿಕೊಂಡೇ ಉಳಿದವನ್ನು ಕಲಸಿದೆ ಎಂದು ತಾತ ತಮಿಳಿನಲ್ಲಿ ಹೇಳಿದರು.

ದುಭಾಷಿ ಅದನ್ನು ತಿಳಿಸಿದಾಗ ಆ ಅಧಿಕಾರಿ ಕೆಟ್ಟ ತಗಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಳಿಯುವವರು ನಮಗೆ ಎಲ್ಲೆಲ್ಲೂ ಸಿಗುತ್ತಾರೆ, ಕೆಟ್ಟದ್ದನ್ನೂ ಎತ್ತಿಟ್ಟು ತೋರಿಸುವವರು ಇಲ್ಲೇ ಸಿಕ್ಕಿದ್ದು, ನೀವೇ ಬನ್ನಿ ಅಂದರಂತೆ.

ಯಜಮಾನರ ತಾಯಿ, "ತಗಳಪ್ಪ, ಬಿಸ್ಲಲ್ಲಿ ಬಂದಿದ್ದೀಯ," ಎಂದು ಅವರ ಹಣೆಗೂ ಕುಂಕುಮ ಇಟ್ಟು ಬೊಗಸೆ ತುಂಬ ಕಡ್ಲೆಪುರಿ ಕೊಟ್ಟರು. ಎಲ್ಲರೂ ನಕ್ಕರು. ನಾನು ಹೊಸ್ತಿಲ ಮೇಲೇ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಮುಂದೆ ತಾತನೂ ಬಣ್ಣ ಕಲಸಲು ಕಂಪನಿಯವರ ಜೊತೆ ಕಡಲಾಚೆಗೆ ಹೋಗಿಬಂದರು. ತಾತ ಅವತ್ತು ಗಾಬರಿಯಲ್ಲಿ ಒರೆಸಿಬಿಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ! ನೆನೆದರೆ ಇವತ್ತಿಗೂ ಒಂದು ನಿಟ್ಟುಸಿರು ಬಂದು ಮನಸ್ಸು ಹಗುರಾಗುತ್ತದೆ. ಈಗ ತಾತ ಇಲ್ಲ. ಅವರು ಎಂಥವರಾಗಿದ್ದರೆಂದು ನಾನು ಬರೆದದ್ದು ಇಷ್ಟೇ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.